ದೊಡ್ಡ ಕುಳ

ಕೋಟಿನ ಕಚ್ಚಾ ಹೊಲಿಗೆಯ ದಾರವನ್ನು ಅವಳು ಎಳೆಎಳೆಯಾಗಿ ಬಿಡಿಸುತ್ತಿದ್ದಳು. ಬಿಳಿ ದಾರ, ಕಪ್ಪು ಬಟ್ಟೆ. ಸೂಜಿಯ ಮೊನೆಯಿಂದ ಒಂದೊಂದು ಹೊಲಿಗೆಯನ್ನೂ ಮೀಟಿ ಎತ್ತಿ, ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಟ್ಟೆಗೆ ಗೊತ್ತೇ ಆಗದ ಹಾಗೆ ಎಳೆಯಬೇಕು. ಎದುರಿಗೆ ಕೂತ ಅಕ್ಕ ಅದೇ ಕೋಟಿನ ಇನ್ನೊಂದು ತೋಳಿಗೆ ಗುಂಡಿ ಹಾಕುತ್ತಿದ್ದಳು. ಬೆಳಗಿನ ಈ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಕ್ಕನ ಹಲ್ಲಿನ ನಡುವೆ ದಾರವಿರುತ್ತದೆ; ತಂಗಿಯ ಬಾಯಲ್ಲಿ ಏನೂ ಇಲ್ಲದಿದ್ದರೂ ಮಾತಿರುವುದಿಲ್ಲ. ಭಾವ ಕಿಟಕಿಯ ಹತ್ತಿರ ನಿಂತು ಫೋನನ್ನು ಬೆಳಕಿಗೆ ಹಿಡಿದು, ನೇಯ್ಗೆಯಲ್ಲಿ ಎಳೆ ತಪ್ಪಿದೆಯೇ ಎಂದು ಹುಡುಕುವವನ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವನು ಪೇಟೆಯ ದೊಡ್ಡ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಇಷ್ಟು ವರ್ಷವೂ ಇನ್ನೊಬ್ಬರ ಕತ್ತರಿ ಹಿಡಿದವನು. ರಸ್ತೆಯ ಮೂಲೆಯಲ್ಲಿ ಬೀಗ ರಿಪೇರಿಯವನು ಬಿಟ್ಟುಹೋದ ಷಟರಿನ ಕೋಣೆಯೊಂದಿತ್ತು. ಅದನ್ನು ಹಿಡಿದು ಸ್ವಂತ ಅಂಗಡಿ ಇಡಬೇಕೆಂದು ಅವನೂ ಅಕ್ಕನೂ ಕೂಡಿಟ್ಟ ಹಣಕ್ಕೆ ಮನೆಯಲ್ಲಿ ಅಂಗಡಿ ದುಡ್ಡು ಎಂದೇ ಹೆಸರು. ಅದು ಮನೆಯ ನಾಲ್ಕನೆಯ ಮನುಷ್ಯನಂತೆ. ಅದಕ್ಕೆ ತೊಂದರೆಯಾಗಬಾರದೆಂದು ಉಳಿದ ಮೂವರು ಕಡಿಮೆ ತಿಂದು, ಇಕ್ಕಟ್ಟಿನಲ್ಲಿ ಮಲಗುತ್ತಿದ್ದರು.

"ಗುಬ್ಬಿ," ಎಂದ ಭಾವ. ಆ ಹೆಸರು ಅವನೇ ಇಟ್ಟದ್ದು. "ಇಲ್ಲಿ ಬಾ ಸ್ವಲ್ಪ. ನಿಮ್ಮ ಷೇರು ಆಫೀಸಲ್ಲಿ ಇದರ ಬಗ್ಗೆ ಯಾರಾದ್ರೂ ಮಾತಾಡ್ತಾರಾ?"

ಎದ್ದು ಹೋಗಿ ನೋಡಿದಳು. ಸೀಸೆಯ ಮುಚ್ಚಳ ಮಾಡುವ ಒಂದು ಕಂಪನಿಯ ಹೆಸರು. ಅವಳು ಎಷ್ಟೋ ತಿಂಗಳಿಂದ ದಿನವಿಡೀ ನೋಡುತ್ತಿದ್ದ ಹೆಸರು. ಆಫೀಸಿನ ಪರದೆಯ ಮೇಲೆ ಅದಕ್ಕೊಂದು ತಣ್ಣನೆಯ, ಗೋಡೆಯ ಬಣ್ಣದಂಥ ಪರಿಚಯವಿತ್ತು. ಭಾವನ ಒರಟು ಹೆಬ್ಬೆರಳಿನ ಕೆಳಗೆ ಅದು ಬೇರೆಯೇ ಕಂಡಿತು, ಬೀದಿಯಲ್ಲಿ ದಿನಾ ನೋಡುವ ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಮನೆಯ ಅಡುಗೆ ಕೋಣೆಯಲ್ಲಿ ಕೂತಿದ್ದ ಹಾಗೆ.

"ಪುಡಿಗಾಸಿನ ಷೇರು," ಎಂದ ಭಾವ. "ಒಂದು ಟೀ ಕುಡಿಯೋ ದುಡ್ಡಿಗೆ ಒಂದು ಹಿಡಿ ಬರುತ್ತೆ. ಹೆಸರು ಯಾರಿಗೂ ಗೊತ್ತಿಲ್ಲ. ಪೇಪರಲ್ಲಿಲ್ಲ, ಎಲ್ಲೂ ಇಲ್ಲ. ಆದರೆ ವಹಿವಾಟು ನೋಡು. ಮೊದಲೆಲ್ಲ ದಿನಕ್ಕೆ ಒಂದೋ ಎರಡೋ ಕೈ ಬದಲಾಗ್ತಿದ್ದದ್ದು ಈಗ ಲಕ್ಷಗಟ್ಟಲೆ. ಯಾರೋ ಸದ್ದಿಲ್ಲದೆ ಬಾಚ್ಕೊಳ್ತಿದಾರೆ ಗುಬ್ಬಿ. ಯಾರಿಗೋ ಏನೋ ಗೊತ್ತಿದೆ."

ಅಕ್ಕ ದಾರ ಕಚ್ಚಿ ಕತ್ತರಿಸಿ, "ನಿಮಗೆ ಗೊತ್ತಾಗೋ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತೆ ಬಿಡಿ," ಎಂದಳು.

"ನೀನು ಗುಂಡಿ ಹಾಕು. ನಾನು ನಮ್ಮ ಎಕ್ಸ್‌ಪರ್ಟನ್ನ ಕೇಳ್ತಿದೀನಿ," ಎಂದು ಭಾವ ಮನೆಯ ಒಂದೇ ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕೂತ ಮೇಲೆ ಕಾಲನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಶಾಲೆಯಲ್ಲಿ ಒಮ್ಮೆ ಎದ್ದುನಿಂತು ಪಾಠ ಓದು ಎಂದಾಗ ಅಕ್ಷರಗಳೆಲ್ಲ ಸರಿಯಾಗಿ ಕಾಣುತ್ತಿದ್ದವು, ದನಿ ಮಾತ್ರ ಬರಲಿಲ್ಲ. ಮೇಷ್ಟ್ರು ಕಾದರು, ಮಕ್ಕಳು ಕಾದರು, ಆಮೇಲೆ ಹಿಂದಿನ ಬೆಂಚಿನವರು ನಗಲು ಶುರು ಮಾಡಿದರು. ಮರುದಿನ ಹೊಟ್ಟೆನೋವೆಂದಳು. ಆ ಹೊಟ್ಟೆನೋವು ವಾಸಿಯಾಗಲೇ ಇಲ್ಲ. ಅಕ್ಕನ ಮನೆಗೆ ಬಂದ ಮೇಲೆ ಇಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಊಟವಾಯಿತೇ ಎಂದು ಕೇಳುವುದು ಬೇರೆ. ಈಗ ಭಾವ ಬಾಗಿ, ಅವಳ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಿದ್ದ. ಕುತ್ತಿಗೆಯ ಹಿಂದೆ ಬೆಚ್ಚಗಾಯಿತು. "ಕೊಳ್ಳೋರು ಇದಾರೆ ಭಾವ," ಎಂದಳು. ಸುಳ್ಳಲ್ಲ. ಕೊಳ್ಳುವವರು ಇದ್ದರು. ಭಾವ ಅಂಗೈಯಿಂದ ತೊಡೆಗೆ ಹೊಡೆದುಕೊಂಡು ಅಕ್ಕನ ಕಡೆ ತಿರುಗಿದ. ಕೋಟಿನ ಬಳಿಗೆ ಮರಳಿದಾಗ ಅವಳು ಬಿಟ್ಟುಹೋಗಿದ್ದ ದಾರ ಒಳಗೇ ತುಂಡಾಗಿತ್ತು.

ಅವಳ ಆಫೀಸು ಬ್ಯಾಟರಿ ಅಂಗಡಿಯ ಮೇಲಿನ ಒಂದು ಕೋಣೆ. ಗಾಜಿನ ಅಡ್ಡಗೋಡೆಯ ಹಿಂದೆ ದಲ್ಲಾಳಿ ಕೂರುತ್ತಿದ್ದ, ಈಚೆ ಅವಳು. ಮೊದಲು ಫೋನೆತ್ತಿಕೊಳ್ಳಲು, ಟೀ ಕಪ್ಪು ತೊಳೆಯಲು ಎಂದು ಸೇರಿಸಿಕೊಂಡವನು, ಅವಳು ಬಾಯಿ ಬಿಡದವಳೆಂದು ಕಂಡುಕೊಂಡ ಮೇಲೆ ಕೀಲಿಮಣೆಯ ಮುಂದೆ ಕೂರಿಸಿದ. ಎರಡು ಪರದೆ, ಒಂದರ ಪಕ್ಕ ಒಂದು. ಎಡಗಡೆಯದರಲ್ಲಿ ದಲ್ಲಾಳಿಯ ತಾಯಿಯ ಖಾತೆ, ಬಲಗಡೆಯದರಲ್ಲಿ ಅವನ ಕಾರಿನ ಡ್ರೈವರನ ಖಾತೆ. ಮುಚ್ಚಳದ ಕಂಪನಿಯ ಷೇರನ್ನು ತಾಯಿಯ ಖಾತೆಯಿಂದ ಮಾರಬೇಕು, ಅದೇ ಗಳಿಗೆ ಅದೇ ಬೆಲೆಗೆ ಡ್ರೈವರನಿಂದ ಕೊಳ್ಳಬೇಕು. ಆಮೇಲೆ ಡ್ರೈವರನಿಂದ ಮಾರಬೇಕು, ಕೂದಲೆಳೆಯಷ್ಟು ಹೆಚ್ಚಿಗೆ, ತಾಯಿಯಿಂದ ಕೊಳ್ಳಬೇಕು. ಸಂಜೆಯ ಹೊತ್ತಿಗೆ ಎಲ್ಲವೂ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಬಂದಿರುತ್ತಿತ್ತು, ಬೆಲೆ ಮಾತ್ರ ಉಗುರಿನಷ್ಟು ಬೆಳೆದಿರುತ್ತಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದಿದ್ದರೂ ದಲ್ಲಾಳಿಯೇ ಒಮ್ಮೆ ಹೇಳಿದ: "ಎಂಜಿನ್ನು ಬಿಸಿ ಇರ್ಲಿ ಅಂತ ಅಷ್ಟೇನಮ್ಮ. ಮನೇಲಿ ಹೇಳೋ ವಿಷಯ ಅಲ್ಲ ಇದು." ಡ್ರೈವರ್ ಕೆಳಗೆ ಕಾರಿನ ಎಂಜಿನ್ನನ್ನು ದಿನಾ ಬೆಳಿಗ್ಗೆ, ಎಲ್ಲಿಗೂ ಹೋಗದಿದ್ದಾಗಲೂ, ಒಂದಿಷ್ಟು ಹೊತ್ತು ಗುರ್ ಎನ್ನಿಸುತ್ತಿದ್ದುದನ್ನು ಅವಳು ಕಂಡಿದ್ದಳು. ಇದೂ ಹಾಗೆಯೇ ಇರಬೇಕೆಂದುಕೊಂಡಳು. ಡ್ರೈವರನಿಗೂ ಹೆಚ್ಚು ತಿಳಿದಿರಲಿಲ್ಲ. ಟೀ ಕುಡಿಯಲು ಮೇಲೆ ಬಂದಾಗಲೆಲ್ಲ, "ಏನ್ ಸೈಲೆಂಟು, ನನ್ನ ಹೆಸರಲ್ಲಿ ಲಕ್ಷಗಟ್ಟಲೆ ಆಡ್ತಿದೆಯಂತೆ. ಅದರಲ್ಲಿ ಒಂದು ಜೊತೆ ಚಪ್ಪಲಿ ಬರುತ್ತಾ ಕೇಳಮ್ಮ ಯಜಮಾನರನ್ನ," ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಇಬ್ಬರು ಬಡವರ ನಡುವೆ ಅದೊಂದು ಒಳ್ಳೆಯ ತಮಾಷೆಯಾಗಿತ್ತು.

ಭಾವ ಸಂಶೋಧನೆಗೆ ಇಳಿದಿದ್ದ. ಅದು ಅವನದೇ ಮಾತು. ಕೆಲಸದಿಂದ ಬಂದು ಕೈ ತೊಳೆದು, ಸೀಮೆಸುಣ್ಣ ಉಗುರಿನ ಸಂದಿಯಲ್ಲಿ ಉಳಿದಿದ್ದ ಬೆರಳುಗಳಿಂದ ಫೋನಿನ ಮೇಲಿನ ಗೆರೆಗಳನ್ನು ಹಿಗ್ಗಿಸಿ ನೋಡುತ್ತಿದ್ದ. ಬೆಲೆಯ ಗೆರೆಯ ಕೆಳಗೆ ಸಾಲಾಗಿ ನಿಂತ ಕಡ್ಡಿಗಳು, ಕೆಲವು ಉದ್ದ, ಕೆಲವು ಮೊಟಕು. ಎಷ್ಟು ಕೈ ಬದಲಾಯಿತೋ ಅಷ್ಟು ಎತ್ತರ. "ಬಟ್ಟೆ ನೋಡಿ ಹಾಕ್ಕೊಂಡವನು ಎಂಥವನು ಅಂತ ಹೇಳ್ತೀನಿ ನಾನು. ಇದೂ ಹಾಗೇ," ಎಂದು ಒಂದು ಸಂಜೆ ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ. "ನೋಡು, ಇದು ಒಂದು ಗುಂಪಲ್ಲ. ಒಬ್ಬನೇ. ಒಂದೇ ಕೈ. ಹೇಗೆ ಹೇಳ್ದೆ ಹೇಳು? ಮಧ್ಯಾಹ್ನ ಇಲ್ಲಿ ಸ್ವಲ್ಪ ಹೊತ್ತು ಖಾಲಿ. ದಿನಾ ಖಾಲಿ. ಊಟಕ್ಕೆ ಹೋಗ್ತಾನೆ ನಮ್ಮ ಕುಳ. ಮೂರು ಗಂಟೆ ಹತ್ರ ಮತ್ತೆ ಒಂಚೂರು ಖಾಲಿ. ಟೀ. ದೊಡ್ಡ ಕುಳ ಗುಬ್ಬಿ, ಆದರೆ ಶಿಸ್ತಿನ ಮನುಷ್ಯ. ಇನ್ನೊಂದು ನೋಡು ಇಲ್ಲಿ, ಹೋದ ತಿಂಗಳು, ಈ ಮಂಗಳವಾರ. ಇಡೀ ದಿನ ಒಂದು ಕಡ್ಡಿಯೂ ಇಲ್ಲ. ಏನೋ ಆಗಿದೆ ಅವನಿಗೆ ಅವತ್ತು."

ಆ ಮಂಗಳವಾರ ಅವಳಿಗೆ ಜ್ವರ ಬಂದಿತ್ತು. ಇದೇ ಭಾವ ಕೆಲಸಕ್ಕೆ ತಡವಾದರೂ ಸರಿಯೆಂದು ಹೋಗಿ ಮಾತ್ರೆ ತಂದಿದ್ದ. ಹೊಲಿಗೆಯಲ್ಲಿ ಮಿಕ್ಕ ಲೈನಿಂಗ್ ಬಟ್ಟೆಯನ್ನು ಒದ್ದೆ ಮಾಡಿ ಅಕ್ಕನ ಕೈಗೆ ಕೊಟ್ಟಿದ್ದ. ಆ ಇಡೀ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅದು ಇಲ್ಲಿ ಬಿಳಿಯಾಗಿ ಬಿದ್ದಿತ್ತು. ಅವಳು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಮೂರು ಗಂಟೆಗೆ ಟೀ ಕಪ್ಪು ತೊಳೆಯಲು ಎದ್ದದ್ದು, ಮೊನ್ನೆ ಮೆಟ್ಟಿಲಿನಲ್ಲಿ ಕಾಲು ಜಾರಿ ಕೂತು ಸುಧಾರಿಸಿಕೊಂಡದ್ದು, ಬೇಸರವಾದ ಒಂದು ಮಧ್ಯಾಹ್ನ ಕಿಟಕಿಯಲ್ಲಿ ನಿಂತು ಎದುರಿನ ತಾರಸಿಯ ಮೇಲೆ ಹಾಸಿಗೆ ಬಡಿಯುತ್ತಿದ್ದ ಹೆಂಗಸನ್ನು ನೋಡಿದ್ದು, ಎಲ್ಲವೂ ಅಲ್ಲಿತ್ತು. ಇಷ್ಟು ವರ್ಷ ಅವಳು ಎದ್ದದ್ದು ಕೂತದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಈಗ ಒಬ್ಬ ಮನುಷ್ಯ ಸಂಜೆಗಳನ್ನೆಲ್ಲ ಕೊಟ್ಟು ಅವಳ ಒಂದೊಂದು ಬಿಡುವನ್ನೂ ಓದಿ, ಅರ್ಥ ಹಚ್ಚಿ, ಮೆಚ್ಚಿಕೊಂಡಿದ್ದ. ಶಿಸ್ತಿನ ಮನುಷ್ಯ ಎಂದಿದ್ದ. ಈಗಲೇ ಹೇಳಬೇಕು ಅನಿಸಿತು. ಆದರೆ ಅದರ ಜೊತೆಗೇ, ಇನ್ನೊಂದು ಸ್ವಲ್ಪ ಹೊತ್ತು, ಈ ಫೋನು ಕೈಯಲ್ಲಿರುವಷ್ಟು ಹೊತ್ತು, ಅನಿಸಿತು. ಭಾವ ಫೋನು ವಾಪಸು ತೆಗೆದುಕೊಂಡ.

ಭಾನುವಾರ ಇಬ್ಬರೂ ಮುಚ್ಚಳದ ಫ್ಯಾಕ್ಟರಿ ನೋಡಲು ಹೋದರು. ಭಾವ ಒಗೆದ ಶರ್ಟು ಹಾಕಿಕೊಂಡಿದ್ದ. ಬಸ್ಸು ಕೊನೆಯ ನಿಲ್ದಾಣದಲ್ಲಿ ಅವರಿಬ್ಬರನ್ನೇ ಇಳಿಸಿ ತಿರುಗಿತು. ತುಕ್ಕು ಹಿಡಿದ ಗೇಟು, ಅದಕ್ಕೆ ಸರಪಳಿ, ಒಳಗೆ ಸೊಂಟದೆತ್ತರ ಹುಲ್ಲು, ಕಿಟಕಿಗಳಿಗೆ ಗಾಜಿಲ್ಲದ ಒಂದು ಉದ್ದನೆಯ ಕಟ್ಟಡ. ಮುರಿದ ಕುರ್ಚಿಯಲ್ಲಿ ಕಾವಲಿನ ಮುದುಕ ಕೂತಿದ್ದ. ಭಾವ ಅವನಿಗೆ ಸಿಗರೇಟು ಕೊಟ್ಟು, ಮಾತಿಗೆ ಮಾತು ಹೆಣೆಯುತ್ತ, "ಒಳಗೆ ಕೆಲಸ ಜೋರಾ ತಾತ?" ಎಂದು ಕೇಳಿದ.

"ಇಲ್ಲೇನಿದೆ ಕೆಲಸ? ಹಾವಿದೆ."

"ಲಾರಿ ಗೀರಿ ಬರಲ್ವಾ?"

"ಲಾರಿ ಯಾಕೆ ಬರುತ್ತೆ? ನನಗೆ ಸಂಬಳ ಕೊಡೋಕೇ ಯಾರೂ ಬಂದಿಲ್ಲ. ನೀವೇನು ಮುಚ್ಚಳ ಕೊಳ್ಳೋಕೆ ಬಂದ್ರಾ?"

ಭಾವ ನಕ್ಕ, ಮುದುಕನ ಬೆನ್ನು ತಟ್ಟಿದ. ನಿಲ್ದಾಣಕ್ಕೆ ನಡೆಯುವಾಗ ಅವಳ ಕಡೆ ಬಾಗಿ ಪಿಸುದನಿಯಲ್ಲಿ, "ನೋಡಿದೆಯಾ, ಎಷ್ಟು ಗುಟ್ಟಾಗಿಟ್ಟಿದಾರೆ," ಎಂದ. "ಈ ಜಾಗಾನೇ ಯಾರಿಗೋ ಬೇಕಾಗಿದೆ. ಇಲ್ಲಾ ಅಂದ್ರೆ ಹಾವಿಗೆ ಕಾವಲು ಯಾಕೆ ಇಡ್ತಾರೆ?" ಅವನ ಮುಖದ ಮೇಲೆ ಒಂದು ಹೊಳಪಿತ್ತು. ಗಿರಾಕಿ ಹಾಕಿಕೊಂಡು ನೋಡಿದ ಕೋಟು ಎಲ್ಲೂ ಹಿಡಿಯದೆ ಸರಿಯಾಗಿ ಕೂತಾಗ ಕಾಣುವ ಹೊಳಪು. ಅದನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು, "ಭಾವ, ಅದು ನಾನೇ," ಎಂದಳು.

"ಯಾವುದು?"

"ಆ ಕುಳ. ನಾನೇ."

ಅವನು ಒಂದು ಕ್ಷಣ ಅವಳನ್ನು ನೋಡಿದ. ಆ ಕ್ಷಣದಲ್ಲಿ ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು. ತಾಯಿಯ ಖಾತೆ ಎಂದೋ, ಡ್ರೈವರ್ ಎಂದೋ, ಜ್ವರ ಎಂದೋ. ಅವಳ ತುಟಿ ತಾನಾಗಿ, ಹೆದರಿದಾಗಲೆಲ್ಲ ಆಗುವ ಹಾಗೆ, ಒಂದು ಕಡೆ ಸೊಟ್ಟಗಾಯಿತು. ಅದು ನಗುವಿನಂತೆ ಕಂಡಿರಬೇಕು. ಭಾವ ಕೆಮ್ಮು ಬರುವಷ್ಟು ನಕ್ಕ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಕೇಳಿದೆಯೇನೇ, ದೊಡ್ಡ ಕುಳ ನಮ್ಮ ಮನೇಲೇ ಇದೆಯಂತೆ. ನಾವೇ ಊಟ ಹಾಕಿ ಸಾಕ್ತಿದೀವಂತೆ," ಎಂದ. "ಹಾಗಿದ್ರೆ ಕುಳಕ್ಕೆ ಹೇಳಿ, ಸೋಪು ಮುಗಿದಿದೆ, ನಾಳೆ ತರಲಿ," ಎಂದಳು ಅಕ್ಕ. ಇಬ್ಬರೂ ನಕ್ಕರು. ಬಾಯಿಲ್ಲದ ಹುಡುಗಿ ಕೊನೆಗೂ ಒಂದು ತಮಾಷೆ ಮಾಡಿದಳೆಂಬ ಸಂತೋಷ ಅಕ್ಕನ ಕಣ್ಣಲ್ಲಿತ್ತು. ಅವಳೂ ನಕ್ಕಳು. ಹೇಳಿಯೂ ಆಯಿತು, ಏನೂ ಆಗಲೂ ಇಲ್ಲ ಎಂದು ಎದೆ ಹಗುರವಾದದ್ದು ನಿಜ. ಆಮೇಲಿನ ದಿನಗಳಲ್ಲಿ ಬೇರೆ ಎಲ್ಲವನ್ನೂ ದಲ್ಲಾಳಿಯ ತಲೆಗೆ, ತನ್ನ ದಡ್ಡತನದ ತಲೆಗೆ ಕಟ್ಟಲು ಸಾಧ್ಯವಾಯಿತು. ಆ ನಗುವನ್ನು ಮಾತ್ರ ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

ಭಾವ ಕೊಳ್ಳುವ ದಿನವನ್ನು ಗೊತ್ತು ಮಾಡಿಕೊಂಡ. ಷಟರಿನ ಕೋಣೆಯ ಮಾಲೀಕ ಮುಂಗಡವನ್ನು ಏರಿಸಿದ್ದ. ಅಂಗಡಿ ದುಡ್ಡು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ತಿಂಗಳೊಳಗೆ ಮುಟ್ಟಿಸುತ್ತೇನೆಂದು ಅಕ್ಕನ ಮುಂದೆ ಲೆಕ್ಕ ಹೇಳಿದ. ಅಕ್ಕ ಬೇಡವೆನ್ನಲಿಲ್ಲ. ತಂಗಿಯ ಕಡೆ ತಿರುಗಿ, "ನೀನು ಅಲ್ಲೇ ಇರ್ತೀಯಲ್ಲ, ಏನಾದ್ರೂ ಹೆಚ್ಚುಕಮ್ಮಿ ಇದ್ರೆ ನಿನಗೆ ತಿಳಿಯುತ್ತಲ್ವಾ?" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ನಂಬಿಕೆಯಾಗಿತ್ತು. ನಂಬಿಕೆಗೆ ಇಲ್ಲವೆನ್ನುವುದು ಹೇಗೆಂದು ಅವಳು ಯಾರಿಂದಲೂ ಕಲಿತಿರಲಿಲ್ಲ. ತಲೆ ಅಲ್ಲಾಡಿಸಿದಳು, ಹೌದೆಂದೋ ಅಲ್ಲವೆಂದೋ ಅವಳಿಗೇ ಗೊತ್ತಾಗದ ಹಾಗೆ. "ಎಷ್ಟು ಷೇರು ಬೇಕು ಅಂತ ಹಾಕೋವಾಗ ಎಲ್ಲರೂ ಕೊನೇಲಿ ಸೊನ್ನೆ ಹಾಕ್ತಾರೆ," ಎಂದ ಭಾವ, ಆ ದಿನ ಹೊರಡುವಾಗ. "ನಾನು ಕೊನೇಲಿ ಏಳು ಹಾಕ್ತೀನಿ. ಗುರುತಿಗೆ. ಪರದೇಲಿ ಕಂಡ್ರೆ ನಮಸ್ಕಾರ ಹೇಳು."

ಆ ಬೆಳಿಗ್ಗೆ ದಲ್ಲಾಳಿ ಗಾಜಿನ ಹಿಂದಿನಿಂದ ಎದ್ದು ಬಂದು ಅವಳ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ. "ಇವತ್ತು ನಮ್ಮೊಳಗೆ ಬೇಡಮ್ಮ. ಹೊರಗಿನವರು ಬರೋಕೆ ಶುರು ಮಾಡಿದಾರೆ. ಕೇಳಿದವರಿಗೆಲ್ಲ ಕೊಡು." ಕೊಳ್ಳುವವರ ಸಾಲಿನಲ್ಲಿ ಸಣ್ಣಸಣ್ಣ ಅಂಕಿಗಳು ಮೂಡುತ್ತಿದ್ದವು. ಇಷ್ಟು ತಿಂಗಳು ಅವಳ ಎಡಗೈ ಬಲಗೈಯೇ ತುಂಬಿದ್ದ ಆ ಸಾಲಿನಲ್ಲಿ ಈಗ ನಿಜವಾದ ಜನ ಬಂದು ನಿಂತಿದ್ದರು. ಅವರಿಗೆ ಮುಖವಿರಲಿಲ್ಲ, ಆದ್ದರಿಂದ ಕೊಡುವುದು ಕಷ್ಟವಾಗಲಿಲ್ಲ. ತಾಯಿಯ ಖಾತೆಯಿಂದ ಕೊಟ್ಟಳು, ಡ್ರೈವರನ ಖಾತೆಯಿಂದ ಕೊಟ್ಟಳು. ಆಮೇಲೆ ಸಾಲಿನ ತುದಿಗೆ ಒಂದು ಅಂಕಿ ಬಂದು ಕೂತಿತು. ಒಂದೇ ಆರ್ಡರು, ಉಳಿದವಕ್ಕಿಂತ ದೊಡ್ಡದು, ಕೊನೆಯಲ್ಲಿ ಏಳು. ಒಗೆದ ಶರ್ಟು ಹಾಕಿಕೊಂಡು ಸಾಲಿನಲ್ಲಿ ನಿಂತ ಹಾಗಿತ್ತು. ಅವಳ ಬೆರಳು ಕೀಲಿಯ ಮೇಲೆ ನಿಂತಿತು. ಫೋನು ರಿಂಗಾಗಲಿ ಎಂದುಕೊಂಡಳು. ವಿದ್ಯುತ್ತು ಹೋಗಲಿ, ಕೆಳಗಿನ ಅಂಗಡಿಯಲ್ಲಿ ಯಾರಾದರೂ ಕೂಗಲಿ. ತಾನೇ ಎದ್ದುನಿಂತು ಒಲ್ಲೆ ಎನ್ನಬಹುದೆಂಬುದು ಆ ಪಟ್ಟಿಯಲ್ಲಿ ಬರಲಿಲ್ಲ. ಕಿವಿಯ ಹಿಂದೆ ದಲ್ಲಾಳಿಯ ಉಸಿರು ಬಿಸಿಯಾಗಿ ತಾಗಿತು. "ಕೊಡಮ್ಮ. ಗಿರಾಕೀನ ಕಾಯಿಸಬಾರದು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಹೇಳುವ ಹಾಗೆ ಹೇಳಿದ್ದ. ಅವಳು ಕೊಟ್ಟಳು. ಅಂಕಿ ಸಾಲಿನಿಂದ ಮಾಯವಾಯಿತು. ಮೇಜಿನ ಮೇಲಿದ್ದ ಅವಳ ಫೋನು ಮಿಣುಕಿತು: "ಸಿಕ್ತು ಗುಬ್ಬಿ. ಕೇಳಿದ ತಕ್ಷಣ ಸಿಕ್ತು."

ಆಮೇಲೆ ಎಂಜಿನ್ನು ನಿಂತಿತು. "ಅದನ್ನ ಇನ್ನು ಮುಟ್ಟಬೇಡ," ಎಂದ ದಲ್ಲಾಳಿ. ಇನ್ನೊಂದು ಕಂಪನಿಯ ಹೆಸರನ್ನು ಚೀಟಿಯಲ್ಲಿ ಬರೆದು ಅವಳ ಪರದೆಯ ಅಂಚಿಗೆ ಅಂಟಿಸಿದ. ಮುಚ್ಚಳದ ಕಂಪನಿ ದಿನಾ ಬೆಳಿಗ್ಗೆ, ಒಂದು ದಿನಕ್ಕೆ ಎಷ್ಟು ಬೀಳಬಹುದೆಂದು ಕಾನೂನಿದೆಯೋ ಅಷ್ಟೂ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಮಾರುವವರ ಕಡೆ ಅಂಕಿಗಳು ಒಂದರ ಮೇಲೊಂದು ಒಟ್ಟಿಕೊಂಡಿದ್ದವು. ಕೊಳ್ಳುವವರ ಕಡೆ ಗುಡಿಸಿದ ಹಾಗೆ ಖಾಲಿ. ಮನೆಯಲ್ಲಿ ಭಾವ ಕಡ್ಡಿಗಳಿಲ್ಲದ ಗೆರೆಯನ್ನು ನೋಡುತ್ತಿದ್ದ. "ಹೆದರಿಸ್ತಿದಾನೆ," ಎಂದ ಮೊದಲ ಎರಡು ದಿನ. "ನಮ್ಮಂಥವರು ಬಿಟ್ಟು ಓಡಲಿ ಅಂತ. ಹೆದರಬಾರದು." ಮೂರನೆಯ ದಿನ ಮಾರಲು ಹಾಕಿದ, ಹೋಗಲಿಲ್ಲ. ಮರುದಿನ ಬೆಳಿಗ್ಗೆಯೇ ಎದ್ದು ಹಾಕಿದ, ಹೋಗಲಿಲ್ಲ. ಯಾಕೆ ಯಾರೂ ಕೊಳ್ಳುತ್ತಿಲ್ಲವೆಂದು ಅವಳನ್ನು ಕೇಳಲಿಲ್ಲ. ಕೇಳದಿರುವುದು ಮರ್ಯಾದೆಯೋ ಅನುಮಾನವೋ ತಿಳಿಯದೆ ಅವಳು ಅವನ ಬೆನ್ನನ್ನೇ ನೋಡುತ್ತಿದ್ದಳು. ಕುರ್ಚಿ ಮತ್ತೆ ಗೋಡೆಯ ಬದಿಗೆ ಹೋಗಿ, ಅದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆಗಳು ಬಿದ್ದವು. ಒಂದು ಸಂಜೆ ಅಕ್ಕ ಅಂಗಡಿ ಸಾಮಾನು ತಂದು ಚೀಲ ಇಳಿಸುತ್ತ, ಯಾರಿಗೂ ಅಲ್ಲದ ಹಾಗೆ, "ಮೂಲೇಲಿ ಷಟರಿಗೆ ಬಣ್ಣ ಹೊಡೀತಿದಾರೆ. ಮೊಬೈಲ್ ರಿಪೇರಿಯಂತೆ," ಎಂದಳು. ಭಾವ ಕೇಳಿಸಿಕೊಂಡನೋ ಇಲ್ಲವೋ. ಅವಳನ್ನು ಯಾರೂ ಬೈಯಲಿಲ್ಲ. ತಟ್ಟೆಗೆ ಬಡಿಸುವಾಗ ಅಕ್ಕ ಎಂದಿನಂತೆ ಎರಡನೆಯ ಸಲ ಬೇಕೇ ಎಂದು ಕೇಳಿದಳು. ಅದನ್ನು ನುಂಗುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಇವತ್ತು ಭಾವ ಆಫೀಸಿಗೆ ಬಂದ. ಬರುತ್ತೇನೆಂದು ಹೇಳಿರಲಿಲ್ಲ. ಮೆಟ್ಟಿಲಿನ ಮೇಲೆ ಅವನ ಚಪ್ಪಲಿಯ ಸದ್ದನ್ನು ಅವಳು ಗುರುತಿಸಿದಳು. ಬೆರಳುಗಳು ಹೊಸ ಹೆಸರಿನ ಮೇಲೆ, ತಾಯಿಯಿಂದ ಡ್ರೈವರನಿಗೆ ಡ್ರೈವರನಿಂದ ತಾಯಿಗೆ, ಓಡುತ್ತಲೇ ಇದ್ದವು. ಭಾವ ಬಾಗಿಲಲ್ಲಿ ನಿಂತು ಮೊದಲು ಅವಳ ಜಾಗವನ್ನು ನೋಡಿದ. "ಇಲ್ಲೇನಾ ಕೂರೋದು? ಗಾಳಿ ಬರುತ್ತಲ್ಲ, ಚೆನ್ನಾಗಿದೆ," ಎಂದ. ಟೀ ಕುಡಿಯಲು ಬಂದಿದ್ದ ಡ್ರೈವರ್ ಎದ್ದು ತನ್ನ ಸ್ಟೂಲನ್ನು ಕೊಟ್ಟ. ಭಾವ ಕೂರಲಿಲ್ಲ. ದಲ್ಲಾಳಿ ಗಾಜಿನ ಹಿಂದಿನಿಂದ ಹೊರಗೆ ಬಂದ.

"ಸಾರ್, ನಾನು ಇವಳ ಭಾವ. ನೀವು ತಿಳಿದವರು. ಆ ಮುಚ್ಚಳದ ಕಂಪನೀದು ಒಂದಿಷ್ಟು ತಗೊಂಡಿದ್ದೆ ನಾನು. ಈಗ ಕೊಡೋಣ ಅಂದ್ರೆ ಕೇಳೋರೇ ಇಲ್ಲ. ಏನು ಮಾಡೋದು ಸಾರ್?"

"ಮಾರ್ಕೆಟ್ಟು ನೋಡಿ. ನಮ್ಮ ಕೈಲಿ ಏನಿದೆ? ತಾಳ್ಮೆ ಬೇಕು."

"ತಾಳ್ಮೆ ಇದೆ ಸಾರ್," ಎಂದ ಭಾವ. ಅವನ ಕಣ್ಣು ತಾನಾಗಿ ದಲ್ಲಾಳಿಯ ಭುಜದ ಮೇಲೆ ಹೋಯಿತು. "ಸಾರ್, ನಿಮ್ಮ ಎಡಗಡೆ ಭುಜ ಒಂಚೂರು ಇಳಿಜಾರು. ಈ ಕೋಟು ಹೊಲಿದವನು ನೋಡಿಲ್ಲ ಅದನ್ನ. ಒಂದು ಭಾನುವಾರ ಕೊಟ್ಟಿದ್ರೆ ನಾನು ಬಿಚ್ಚಿ ಸರಿ ಮಾಡಿಕೊಡ್ತೀನಿ. ದುಡ್ಡೇನೂ ಬೇಡ. ನೀವು ಯಾರಿಗಾದ್ರೂ ಒಂದು ಮಾತು ಹೇಳಿದ್ರೆ ಸಾಕು." ಹೇಳುತ್ತ ಹೇಳುತ್ತ ಕೈ ಮುಂದೆ ಮಾಡಿ ಆ ಭುಜದ ಮೇಲಿನ ನೆರಿಗೆಯನ್ನು ಒಂದು ಬೆರಳಿನಿಂದ ಸವರಿ ಕೂರಿಸಿದ. ದಲ್ಲಾಳಿ ಒಂದು ಹೆಜ್ಜೆ ಹಿಂದೆ ಸರಿದ. ಭಾವನ ಕೈ ಗಾಳಿಯಲ್ಲಿ ಉಳಿಯಿತು. ಅದನ್ನು ಕೆಳಗಿಳಿಸಲು ಅವನು ಮರೆತ ಹಾಗಿತ್ತು.

ಆಗ ಅವಳ ಬೆರಳುಗಳು ನಿಂತವು. ಎಡಗಡೆಯ ಪರದೆಯಲ್ಲಿ ತಾಯಿ ಮಾರಲು ನಿಂತಿದ್ದಳು, ಬಲಗಡೆಯಲ್ಲಿ ಡ್ರೈವರ್ ಕೊಂಡಿರಲಿಲ್ಲ. ಅವಳು ಎದ್ದುನಿಂತಳು. ಅಕ್ಷರಗಳೆಲ್ಲ ಸರಿಯಾಗಿ ಕಾಣುತ್ತಿದ್ದವು. ದನಿ ಬರುವುದಿಲ್ಲವೆಂದುಕೊಂಡಳು. ಬಂತು, ಸಣ್ಣದಾಗಿ, ಟೀ ಬೇಕೇ ಎಂದು ಕೇಳುವಷ್ಟೇ ಸಣ್ಣದಾಗಿ.

"ಸಾರ್, ಅವತ್ತು ಇಲ್ಲಿಂದ ನಾನು ಭಾವನಿಗೆ ಕೊಟ್ಟಿದ್ದನ್ನ ವಾಪಸ್ ತಗೊಳ್ಳಿ."

ಡ್ರೈವರ್ ಕಪ್ಪನ್ನು ತುಟಿಯಿಂದ ಇಳಿಸಿ ಅದರ ತಳವನ್ನು ನೋಡಿದ. ದಲ್ಲಾಳಿ ಜೇಬಿನಿಂದ ಫೋನು ತೆಗೆದು, ಅದು ರಿಂಗಾಗದಿದ್ದರೂ ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದ. ಭಾವ ಅವಳನ್ನು ನೋಡಿದ. ಆಮೇಲೆ ಅವಳ ಎರಡು ಪರದೆಗಳನ್ನು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. ಮತ್ತೆ ಅವಳನ್ನು, ತಲೆಯಿಂದ ಕಾಲಿನವರೆಗೆ, ಅಳತೆ ತೆಗೆಯುವ ಮೊದಲು ಹೊಸ ಗಿರಾಕಿಯನ್ನು ನೋಡುವ ಹಾಗೆ, ಬಹಳ ಹೊತ್ತು.

"ವಾಪಸ್ ತಗೊಳ್ಳಿ ಸಾರ್," ಎಂದಳು.